ಒಂದೇ ಕೈ ಬರೆದ 56 ಕಂತು

ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ 1997ರ ಜುಲೈನಲ್ಲಿ ಜೈಲಿನ ಕಥೆಯ ಧಾರಾವಾಹಿ ‘ಓಝ್’ ಶುರುವಾದಾಗ, ಮೊದಲ ಕಂತು ನೋಡುತ್ತ ಕೂತವರು ಕೈದಿ ಡೀನೊ ಓರ್ಟೊಲಾನಿಯೇ ಕಥಾನಾಯಕ ಎಂದುಕೊಂಡಿದ್ದರೆ ತಪ್ಪಿಲ್ಲ. ಕಥೆ ಅವನ ಬೆನ್ನು ಬಿಡುವುದಿಲ್ಲ. ಅವನ ಮೂಗಿನ ತುದಿಯ ಸಿಟ್ಟು, ಭೇಟಿಗೆ ಬಂದ ಹೆಂಡತಿಯ ಮುಂದೆ ಅವನ ಸಂಕಟ, ಏಡ್ಸ್ ವಾರ್ಡಿನಲ್ಲಿ ಅವನು ಮಾಡಬೇಕಾಗಿ ಬಂದ ಚಾಕರಿ ಎಲ್ಲವೂ ಅಲ್ಲಿವೆ. ಕಂತು ಮುಗಿಯುವಷ್ಟರಲ್ಲಿ ಅವನನ್ನು ಬೆಂಕಿ ಹಚ್ಚಿ ಕೊಂದಿರುತ್ತಾರೆ.

ಬರೆದವರು ಟಾಮ್ ಫಾಂಟಾನಾ. ‘ಸೇಂಟ್ ಎಲ್ಸ್‌ವೇರ್’, ‘ಹೋಮಿಸೈಡ್’ ಧಾರಾವಾಹಿಗಳಲ್ಲಿ ಪಳಗಿ ಬಂದವರು. ಮಾಮೂಲಿ ವಾಹಿನಿಗಳು ಯಾವುದಕ್ಕೆ ಸುತರಾಂ ಒಪ್ಪುವುದಿಲ್ಲ ಎಂದು ಎಚ್‌ಬಿಒದ ಕ್ರಿಸ್ ಆಲ್ಬ್ರೆಕ್ಟ್ ಕೇಳಿದಾಗ, ಮೊದಲ ಕಂತಿನಲ್ಲೇ ನಾಯಕನನ್ನು ಸಾಯಿಸುವುದಕ್ಕೆ ಎಂದರಂತೆ ಫಾಂಟಾನಾ. ಹಾಗಾದರೆ ಅದನ್ನೇ ಮಾಡಿ ಎಂಬ ಉತ್ತರ ಬಂತು. 2003ರವರೆಗೆ ಆರು ಸೀಸನ್, 56 ಕಂತು. ಕೆಲವನ್ನು ಇತರರ ಜೊತೆ ಸೇರಿ, ಉಳಿದವನ್ನು ಒಬ್ಬರೇ, ಅಂತೂ ಎಲ್ಲವನ್ನೂ ಫಾಂಟಾನಾ ಬರೆದರು. ಟಿ.ವಿ. ಬರವಣಿಗೆಯಲ್ಲಿ ಇದು ಅಪರೂಪ. ನೋಡುಗರ ಮೆಚ್ಚುಗೆ, ತಕರಾರು ಎರಡಕ್ಕೂ ಮೂಲ ಇಲ್ಲೇ ಇದೆ.

ಮೆಚ್ಚಿದವರು ಮೊದಲು ಹೇಳುವ ಹೆಸರು ಟೋಬಿಯಾಸ್ ಬೀಚರ್. ಕುಡಿದು ಕಾರು ಓಡಿಸಿ ಒಬ್ಬ ಹುಡುಗಿಯ ಸಾವಿಗೆ ಕಾರಣನಾದ ವಕೀಲ. ಜೈಲಿಗೆ ಕಾಲಿಟ್ಟ ಹೊಸತರಲ್ಲಿ ನಯವಾಗಿ ಮಾತಾಡಿಸಿ ತನ್ನ ಸೆಲ್ಲಿಗೆ ಕರೆದುಕೊಳ್ಳುವ ಕೈದಿ ವರ್ನ್ ಷಿಲ್ಲಿಂಗರ್, ಬಾಗಿಲು ಮುಚ್ಚಿದ ಮೇಲೆ ಅವನ ಮೈಮೇಲೆ ಸ್ವಸ್ತಿಕದ ಬರೆ ಎಳೆಯುತ್ತಾನೆ. ಬೇರೆ ಧಾರಾವಾಹಿಯಾಗಿದ್ದರೆ ಮುಂದಿನ ಕಂತಿಗೆ ಆ ಗಾಯ ಮಾಯ್ದಿರುತ್ತಿತ್ತು. ಇಲ್ಲಿ ಮಾಯುವುದಿಲ್ಲ. ಬೀಚರ್ ಅಮಲಿಗೆ ಬೀಳುತ್ತಾನೆ, ತಿರುಗಿ ಬೀಳುತ್ತಾನೆ, ಷಿಲ್ಲಿಂಗರ್‌ನ ಕಣ್ಣಿಗೆ ಗಾಜು ಹೊಗಿಸುತ್ತಾನೆ. ಸೇಡು ತೀರಿಸಿಕೊಳ್ಳಲು ಷಿಲ್ಲಿಂಗರ್ ಇನ್ನೊಬ್ಬ ಕೈದಿ ಕ್ರಿಸ್ ಕೆಲ್ಲರ್‌ನನ್ನು ಪ್ರೀತಿಯ ನಾಟಕವಾಡಲು ಕಳಿಸುತ್ತಾನೆ. ಕಡೆಗೆ ಬೀಚರ್‌ನ ಕೈಕಾಲು ಮುರಿಯುತ್ತಾರೆ. ಆ ನಾಟಕವೇ ನಿಜವಾದ ಪ್ರೀತಿಯಾಗುವುದು ಇನ್ನೊಂದು ದುರಂತ. ಮೆದು ಮನುಷ್ಯನೊಬ್ಬ ಕ್ರೂರಿಯಾಗಿ, ಆಮೇಲೆ ತನ್ನ ಕ್ರೌರ್ಯಕ್ಕೇ ಹೇಸಿ ನಿಲ್ಲುವವರೆಗಿನ ಈ ದಾರಿಯನ್ನು ಆರು ವರ್ಷ ನೆನಪಿಟ್ಟುಕೊಂಡು ಬರೆಯಲು ಒಂದೇ ಮನಸ್ಸು ಬೇಕಿತ್ತು. ಈ ಪತ್ರಿಕೆಯ ಮಟ್ಟಿಗೆ ‘ಓಝ್’ ಬರವಣಿಗೆಯ ಶಿಖರ ಇದೇ, ಡೀನೊನ ಸಾವಿನ ಆಘಾತವಲ್ಲ.

ತಕರಾರುಗಳಲ್ಲಿ ಎಲ್ಲಕ್ಕಿಂತ ಜೋರಾದದ್ದು ನಾಲ್ಕನೇ ಸೀಸನ್ನಿನದು. ಉಳಿದ ಐದು ಸೀಸನ್ನುಗಳಲ್ಲಿ ಎಂಟೆಂಟು ಕಂತು. ಇದರಲ್ಲಿ ಮಾತ್ರ 16. ಅಲ್ಲಿ ಕೈದಿಗಳಿಗೆ ಬೇಗ ಮುಪ್ಪು ತರುವ ಮಾತ್ರೆ ಕೊಡುತ್ತಾರೆ, ಆಯುಷ್ಯ ಕಳೆದುಕೊಂಡಷ್ಟು ಶಿಕ್ಷೆ ಕಡಿಮೆ ಎಂಬ ಲೆಕ್ಕ. ರಾಜ್ಯಪಾಲ ಡೆವ್ಲಿನ್ ಸಿಗರೇಟು, ದಾಂಪತ್ಯ ಭೇಟಿಗಳನ್ನು ನಿಷೇಧಿಸಿ ಒಳಗಿನ ಕುದಿಯನ್ನು ದಂಗೆಯವರೆಗೆ ಒಯ್ಯುವ ಮೊದಲ ಸೀಸನ್ನನ್ನು ನಂಬಿದವರಿಗೆ ಈ ಮಾತ್ರೆ ಗಂಟಲಲ್ಲಿ ಇಳಿಯಲಿಲ್ಲ. ಅವರ ಸಿಟ್ಟು ಸರಿಯಾಗಿಯೇ ಇದೆ. ಕಟು ವಾಸ್ತವದ ಮೇಲೆ ನಿಂತ ಜೈಲಿಗೆ ವಿಜ್ಞಾನ ಕಾದಂಬರಿಯ ಮದ್ದು ಬೇಕಿರಲಿಲ್ಲ. ಕೊಲೆಗಳ ವಿಚಾರವೂ ಅಷ್ಟೇ. ಒಂದೇ ವಿಭಾಗದಲ್ಲಿ ಹೆಣದ ಮೇಲೆ ಹೆಣ ಬೀಳುತ್ತಿದ್ದರೂ ಅದರ ಉಸ್ತುವಾರಿ ಟಿಮ್ ಮೆಕ್‌ಮ್ಯಾನಸ್‌ನ ಗಾಜಿನ ಗೋಡೆಗಳ ಪ್ರಯೋಗ ಮುಂದುವರಿಯುತ್ತಲೇ ಇರುತ್ತದೆ.

ಗಾಲಿಕುರ್ಚಿಯಲ್ಲಿ ಕೂತು, ತಿರುಗುವ ಗಾಜಿನ ಪೆಟ್ಟಿಗೆಯೊಳಗಿಂದ ಮಾತಾಡುವ ನಿರೂಪಕ ಕೈದಿ ಅಗಸ್ಟಸ್ ಹಿಲ್ ಬಗ್ಗೆ ಮಾತ್ರ ಒಮ್ಮತ ಮೂಡಿದ್ದೇ ಇಲ್ಲ. ಕೆಲವರಿಗೆ ಅವನು ಧಾರಾವಾಹಿಯ ಜೀವ, ಕೆಲವರಿಗೆ ಬರೀ ಉಪದೇಶ. ನಮ್ಮ ಬಯಲಾಟ ನೋಡಿ ಬೆಳೆದವರಿಗೆ ಭಾಗವತನ ಮಾತು ಅಡ್ಡಿ ಅನ್ನಿಸುವುದು ಕಡಿಮೆ.

ಕೊನೆಯ ಸೀಸನ್ನಿನಲ್ಲಿ ಕೈದಿಗಳು ‘ಮ್ಯಾಕ್‌ಬೆತ್’ ಆಡುತ್ತಾರೆ. ಕೆಲ್ಲರ್ ನಾಟಕದ ಚಾಕು ತೆಗೆದು ನಿಜವಾದದ್ದನ್ನು ಇಟ್ಟಿರುತ್ತಾನೆ. ಬೀಚರ್‌ನ ಕೈಯಿಂದ ರಂಗದ ಮೇಲೆಯೇ ಷಿಲ್ಲಿಂಗರ್ ಸಾಯುತ್ತಾನೆ. ತಕ್ಕ ಅಂತ್ಯ ಎಂದವರಿದ್ದಾರೆ, ಲೇಖಕನ ಹಂಚಿಕೆ ಎದ್ದು ಕಾಣುತ್ತದೆ ಎಂದವರೂ ಇದ್ದಾರೆ. ಕರ್ನಾಟಕದ ಓದುಗರಿಗೆ ಎರಡನೆಯ ಮಾತು ಬೇಗ ಒಪ್ಪಿಗೆಯಾದೀತು. ಎಚ್.ಎಸ್. ಶಿವಪ್ರಕಾಶರು ಇದೇ ‘ಮ್ಯಾಕ್‌ಬೆತ್’ ಆಧರಿಸಿ ಬರೆದ ‘ಮಾರನಾಯಕನ ದೃಷ್ಟಾಂತ’ವನ್ನು ಹುಲುಗಪ್ಪ ಕಟ್ಟಿಮನಿ ನಮ್ಮ ಜೈಲುಗಳ ಕೈದಿಗಳಿಂದಲೇ ಆಡಿಸಿದರು. ಕೊಲೆಗಾಗಿ ಶಿಕ್ಷೆ ಅನುಭವಿಸುವವರೂ ಇರುವ ಕಡೆ ಕೊಲೆಯ ನಾಟಕ. ಮಾತು ಬಾಯಿಪಾಠ ಮಾಡುವುದು, ಎದುರಿನವನ ಸರದಿಗೆ ಕಾಯುವುದು, ಅದೇ ದೃಶ್ಯವನ್ನು ಮತ್ತೆ ಮತ್ತೆ ಆಡುವುದು: ತಾಲೀಮಿನ ಈ ನಿಧಾನದಲ್ಲಿ ಮನುಷ್ಯ ಏನಾಗುತ್ತಾನೆ ಎಂಬುದರಲ್ಲೇ ದೊಡ್ಡ ಕಥೆಯಿತ್ತು. ಫಾಂಟಾನಾ ಅದನ್ನು ಬಿಟ್ಟು ಚಾಕುವಿನ ಹಿಂದೆ ಹೋದರು.

ಅದೇ ಸೀಸನ್ನಿನಲ್ಲಿ ಸಿರಿಲ್ ಓರೈಲಿಯನ್ನು ವಿದ್ಯುತ್ ಕುರ್ಚಿಯಲ್ಲಿ ಕೊಲ್ಲುವ ಕಥೆಯೂ ಇದೆ. ಮಿದುಳಿಗೆ ಪೆಟ್ಟು ಬಿದ್ದು ಮಗುವಿನಂತಾದವನು ಸಿರಿಲ್. ಅಣ್ಣ ರಯಾನ್ ಹೇಳಿದ್ದಕ್ಕೆ ಹಿಂದೆ ಒಂದು ಕೊಲೆ ಮಾಡಿದವನು. ಬೌದ್ಧಿಕ ನ್ಯೂನತೆ ಇರುವವರಿಗೆ ಮರಣದಂಡನೆ ಕೂಡದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2002ರ ಜೂನ್‌ನಲ್ಲಿ ತೀರ್ಪು ಕೊಟ್ಟಿತ್ತು; ಈ ಕಂತುಗಳು ಪ್ರಸಾರವಾದದ್ದು 2003ರ ಆರಂಭದಲ್ಲಿ. ಇಲ್ಲಿ ಆಘಾತದ ಆತುರವಿಲ್ಲ. ಮೇಲ್ಮನವಿ, ಕಾಯುವಿಕೆ, ಉಳಿಸಲಾಗದ ಅಣ್ಣನ ಒದ್ದಾಟ ಎಲ್ಲಕ್ಕೂ ಜಾಗ ಸಿಕ್ಕಿದೆ. ಹೊಸದಾಗಿ ನೋಡುವವರು ಮೊದಲ ಮೂರು ಸೀಸನ್ನಿನ 24 ಕಂತುಗಳನ್ನು ಬಿಡದೆ ನೋಡಲಿ. ಮಾತ್ರೆಗಳ ಕಥೆ ಬಂದಾಗ ಬೇಸರವಾದರೂ, ಈ ಅಣ್ಣತಮ್ಮಂದಿರಿಗಾಗಿ ಕಡೆಯವರೆಗೆ ಹೋಗಲಿ.