ಕವಳ ಬಿಡಲಾರದವರನ್ನು ಬೈಯಬೇಡಿ

ಬಾಯಿ ಅಗಲಿಸಿದರೆ ಮೂರು ಬೆರಳು ಒಳಗೆ ಹೋಗಬೇಕು. ಎರಡೂ ಹೋಗದವರು ನಮ್ಮ ಮಲೆನಾಡಿನ ಊರುಗಳಲ್ಲಿದ್ದಾರೆ. ಕೆನ್ನೆಯ ಒಳಭಾಗ ಬಿಗಿದುಕೊಂಡಿರುತ್ತದೆ, ಸಾರಿನ ಖಾರ ತಾಗಿದರೆ ಕಣ್ಣಲ್ಲಿ ನೀರು. ಆದರೂ ಅಡಕತ್ತರಿಯಲ್ಲಿ ಅಡಿಕೆಯನ್ನು ಇನ್ನಷ್ಟು ಸಣ್ಣಗೆ ಹೆರೆದು, ಸುಣ್ಣ ಹಚ್ಚಿದ ಎಲೆಯ ಜೊತೆ ಕುಟ್ಟಾಣಿಯಲ್ಲಿ ಕುಟ್ಟಿ, ಆ ಕಿರಿದಾದ ಸಂದಿಯಲ್ಲೇ ಕವಳ ತುರುಕಿಕೊಳ್ಳುತ್ತಾರೆ. 'ಇಷ್ಟಾದರೂ ಬುದ್ಧಿ ಬರಲಿಲ್ಲವಲ್ಲ' ಎಂದು ಮನೆಮಂದಿ ಗದರುತ್ತಾರೆ. ಬುದ್ಧಿ ಇಲ್ಲದ್ದಕ್ಕೆ ಹೀಗಾಗುತ್ತಿದೆ ಎಂದು ನನಗನ್ನಿಸುವುದಿಲ್ಲ.

ಚೀನಾದ ಹೈನಾನ್ ದ್ವೀಪದಲ್ಲೂ ಹಸಿ ಅಡಿಕೆಯನ್ನು ಎಲೆ, ಸುಣ್ಣದೊಂದಿಗೆ ಜಗಿಯುತ್ತಾರೆ. ಕವಳಕ್ಕೆ ಅಂಟಿಕೊಂಡವರ ಮಿದುಳನ್ನು ಅಲ್ಲಿನ ಸಂಶೋಧಕರು ಎಂಆರ್‌ಐ ಯಂತ್ರದಲ್ಲಿ ನೋಡಿ 2016ರಲ್ಲಿ ವರದಿ ಪ್ರಕಟಿಸಿದರು. ಯಂತ್ರದೊಳಗೆ ಸುಮ್ಮನೆ ಮಲಗಿದ್ದಾಗಲೂ ಮಿದುಳಿನ ದೂರ ದೂರದ ಭಾಗಗಳು ಒಟ್ಟೊಟ್ಟಿಗೆ ಏರಿಳಿಯುತ್ತವೆ; ಒಟ್ಟಿಗೆ ಏರಿಳಿಯುವ ಭಾಗಗಳ ನಡುವೆ ನಂಟಿದೆ ಎಂದು ಲೆಕ್ಕ. ಹಣೆಯ ಹಿಂದೆ, ಎರಡು ಅರೆಮಿದುಳುಗಳ ನಡುಗೆರೆಗೆ ಹತ್ತಿಕೊಂಡು, ನಮ್ಮ ನಡೆಯ ಮೇಲೆ ನಿಗಾ ಇಡುವ ಒಂದು ಭಾಗವಿದೆ. ಕವಳ ಜಗಿಯದವರಿಗೆ ಹೋಲಿಸಿದರೆ ಕವಳದವರಲ್ಲಿ ಆ ಭಾಗಕ್ಕೆ, ಖುಷಿಯನ್ನು ಅರಸುವ ಒಳಭಾಗಗಳ ಜೊತೆ ನಂಟು ಹೆಚ್ಚಿತ್ತು. ನಮ್ಮ ಬಗ್ಗೆ ನಾವೇ ಯೋಚಿಸುವಾಗ ಮತ್ತು ನೆನಪಿಡುವಾಗ ದುಡಿಯುವ ಭಾಗಗಳ ಜೊತೆ ಕಡಿಮೆಯಾಗಿತ್ತು.

ಕವಳದಿಂದಲೇ ಮಿದುಳು ಹೀಗಾಯಿತೇ, ಮೊದಲೇ ಹೀಗಿದ್ದವರು ಕವಳಕ್ಕೆ ಬಿದ್ದರೇ ಎಂಬುದನ್ನು ಇಂಥ ಒಂದು ಬಾರಿಯ ಹೋಲಿಕೆ ಹೇಳಲಾರದು. ಆದರೆ ಅಡಿಕೆಯಲ್ಲಿರುವ ಅರೆಕೋಲಿನ್, ನಿಕೋಟಿನ್ ಹಿಡಿಯುವ ಕೆಲವು ಗ್ರಾಹಕಗಳನ್ನೇ ಹಿಡಿಯುತ್ತದೆ ಎಂದು 2015ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. 'ನಾನು ಹೊಗೆಸೊಪ್ಪು ಹಾಕುವುದಿಲ್ಲ, ಬರೀ ಎಲೆಅಡಿಕೆ' ಎನ್ನುವವರಿಗೂ ಬಿಡುವುದು ಯಾಕೆ ಇಷ್ಟು ಕಷ್ಟ ಎಂಬುದು ಇದರಿಂದ ಸ್ವಲ್ಪ ಅರ್ಥವಾಗುತ್ತದೆ. ಹೊಗೆಸೊಪ್ಪಿಲ್ಲದ ಕವಳವೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿಯಾಗಿದೆ.

ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಕವಳದ ಕೆಡುಕಿನ ಮಾತು ಎತ್ತಿದ ಕೂಡಲೇ ಬೆಳೆಗಾರರ ಹೊಟ್ಟೆಯ ಮೇಲೆ ಹೊಡೆಯಬೇಡಿ ಎನ್ನುತ್ತಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಬಾಯಿ ತೆರೆಯಲಾಗದೆ ಕಷ್ಟಪಡುತ್ತಿರುವವರು ತೋಟದ ಮನೆಗಳಲ್ಲೂ ಇದ್ದಾರೆ. ಬೆಲೆ ಕುಸಿದಾಗ ನಡೆಯುವ ಸಭೆಗಳಲ್ಲಿ ಇವರ ಮಾತೂ ಬರಬೇಕು. ತಾಲ್ಲೂಕು ಆಸ್ಪತ್ರೆಯ ದಂತವೈದ್ಯರು ಹಲ್ಲು ನೋಡುವಾಗಲೇ ಕವಳ ಬಿಡಿಸುವ ಆಪ್ತಸಲಹೆಗೂ ದಾರಿ ತೋರಿಸುವಂತಾಗಬೇಕು.

ಕವಳಕ್ಕೆ ಹೊಗೆಸೊಪ್ಪು ಸೇರಿಸುವವರು 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ತಂಬಾಕು ಬಿಡಿಸುವ ಈ ರಾಷ್ಟ್ರೀಯ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕೇಂದ್ರವಿದೆ. ಬರೀ ಅಡಿಕೆ ಜಗಿಯುವವರಿಗೂ ಇಂಥದೇ ನೆರವು ಬೇಕೆಂದು ಸರ್ಕಾರವನ್ನು ಕೇಳೋಣ. ಅಲ್ಲಿಯವರೆಗೆ, ಮನೆಯಲ್ಲಿ ಕವಳ ಬಿಡಲು ಹೆಣಗುತ್ತಿರುವವರಿದ್ದರೆ ಗದರಬೇಡಿ, ಜೊತೆಗೆ ನಿಂತು ವೈದ್ಯರ ಬಳಿಗೆ ಕರೆದೊಯ್ಯಿರಿ.