ಸರಾಸರಿ ಬಿಪಿ 130 ಅಂದರೆ ಸಾಕೇ?

ಮನೆಯಲ್ಲೇ ಬಿಪಿ ನೋಡಿಕೊಂಡು ಸರಾಸರಿಯನ್ನಷ್ಟೇ ಫ್ಯಾಮಿಲಿ ಗ್ರೂಪಿಗೆ ಹಾಕುವವರಿದ್ದಾರೆ. ಅದು ಅರ್ಧ ಮಾಹಿತಿ. ಒಬ್ಬರ ಐದು ದಿನದ ಮೇಲಿನ ಸಂಖ್ಯೆ 128, 129, 130, 131, 132. ಇನ್ನೊಬ್ಬರದು 110, 120, 130, 140, 150 ಎಂದುಕೊಳ್ಳಿ. ಇಬ್ಬರ ಸರಾಸರಿಯೂ 130!

ಏರಿಳಿತವನ್ನು ಅಳೆಯುವುದು ಮಾನಕ ವಿಚಲನೆ. ಎರಡನೆಯವರ ಒಂದೊಂದು ಸಂಖ್ಯೆಯಿಂದಲೂ 130 ಕಳೆಯಿರಿ: -20, -10, 0, 10, 20. ಹಾಗೇ ಕೂಡಿದರೆ ಸೊನ್ನೆ. ಅದಕ್ಕೇ ವರ್ಗ ಮಾಡಿ ಕೂಡಬೇಕು. 1000 ಬರುತ್ತದೆ. ಶಾಲೆಯಲ್ಲಿ 5ರಿಂದ ಭಾಗಿಸಿದ ನೆನಪಿರಬಹುದು. ಇಲ್ಲಿ 4ರಿಂದ ಭಾಗಿಸಿ. ಐದೇ ಅಳತೆಯಿಂದ ಒಟ್ಟಾರೆ ಏರಿಳಿತವನ್ನು ಅಂದಾಜು ಮಾಡುವಾಗ 5ರಿಂದ ಭಾಗಿಸಿದರೆ ಉತ್ತರ ಸಾಮಾನ್ಯವಾಗಿ ಕಡಿಮೆಯಾಗಿಬಿಡುತ್ತದೆ. 250ರ ವರ್ಗಮೂಲ ಸುಮಾರು 15.8. ಮೊದಲನೆಯವರದು ಬರೀ 1.6.

ವೈದ್ಯರ ಬಳಿ ಹೋಗುವಾಗ ಐದೂ ಸಂಖ್ಯೆಗಳನ್ನು, ಅಳೆದ ಹೊತ್ತಿನ ಸಮೇತ, ಬರೆದುಕೊಂಡು ಹೋಗಿ.