ಫೌ-ಜಿ: ಆಟವೂ ನಿರೀಕ್ಷೆಯೂ

‘ಫೌ-ಜಿ’ ಎಂಬ ಮೊಬೈಲ್ ಆಟದ ಮಾತೆತ್ತಿದರೆ ಹರಿಹರದ ವಿದ್ಯಾರ್ಥಿಗಳಲ್ಲಿ ಇಂದಿಗೂ ಎರಡು ಪಕ್ಷಗಳೇಳುತ್ತವೆ. 2020ರ ಸೆಪ್ಟೆಂಬರ್ 2ರಂದು ಸರ್ಕಾರವು ಪಬ್ಜಿ ಮೊಬೈಲನ್ನು ನಿಷೇಧಿಸಿತು. ಎರಡೇ ದಿನಗಳಲ್ಲಿ ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಸಂಸ್ಥೆಯ ಈ ಆಟವನ್ನು ನಟ ಅಕ್ಷಯ್ ಕುಮಾರ್ ಘೋಷಿಸಿದರು; ಪಬ್ಜಿಗೆ ಇದೇ ಬದಲಿಯೆಂದು ಜನ ಬಗೆದರು. 2021ರ ಜನವರಿ 26ರಂದು ಕೈಸೇರಿದಾಗ ಕಂಡದ್ದೇನು? ಗಾಲ್ವಾನ್ ಕಣಿವೆಯಲ್ಲಿ ಒಬ್ಬ ಯೋಧನ ಕೈಗೈ ಕಾಳಗ. ನೂರು ಮಂದಿ ಕೂಡಿ ಆಡುವ ಕದನವನ್ನು ಎದುರುನೋಡಿದ್ದವರು ಸಿಟ್ಟಿಗೆದ್ದರು. ಸ್ವದೇಶಿ ವಸ್ತುವನ್ನು ಹಳಿಯುವುದು ತರವಲ್ಲವೆಂದರು ಇನ್ನು ಕೆಲವರು.

ಈ ಎರಡನೆಯ ವಾದವನ್ನು ನಾನು ಒಪ್ಪಲಾರೆ. ತಕ್ಕಡಿಯು ಸರಕಿನ ಊರನ್ನು ಕೇಳುವುದಿಲ್ಲ. ಆದರೆ ಸಿಟ್ಟಿಗೆದ್ದವರೂ ಒಂದು ಸಣ್ಣ ಲೆಕ್ಕವನ್ನು ಮಾಡಬಹುದಾಗಿತ್ತು. ಎದುರಾಳಿಯು ಸೆಕೆಂಡಿಗೆ 6 ಮೀಟರ್ ವೇಗದಿಂದ ಓಡುತ್ತಿದ್ದಾನೆನ್ನಿ. ಅವನ ಸ್ಥಾನವನ್ನು ತಿಳಿಸುವ ಸಂದೇಶವು 0.1 ಸೆಕೆಂಡ್ ತಡವಾದರೂ ಅವನು 60 ಸೆಂಟಿಮೀಟರ್ ಆಚೆಗಿರುತ್ತಾನೆ. ನಿಮ್ಮ ಗುಂಡು ಬರಿಯ ಗಾಳಿಗೆ ತಗಲುತ್ತದೆ! ನೂರು ಮಂದಿಯ ಇಂತಹ ವ್ಯತ್ಯಾಸಗಳನ್ನು ಸರ್ವರ್ ಕ್ಷಣಕ್ಷಣವೂ ಸರಿದೂಗಿಸಬೇಕು. ಇದು ಕೆಲವೇ ತಿಂಗಳುಗಳಲ್ಲಿ ಮುಗಿಯುವ ಕೆಲಸವೆ? ತಂಡಗಳ ನಡುವಣ ಕಾಳಗವು ಪ್ರಾಯೋಗಿಕ ರೂಪದಲ್ಲಿ ಫೌ-ಜಿಗೆ ಸೇರಿದ್ದು 2021ರ ಜೂನ್ ತಿಂಗಳಲ್ಲಿ. ಅದೇ ತಿಂಗಳು ಪಬ್ಜಿಯೂ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರು ಹೊತ್ತು ಮರಳಿತು.